ಬಾಣ ತೋರಿಸಿದ ದಿಕ್ಕು

೧೯೮೭ನೆಯ ಇಸವಿ ಫೆಬ್ರವರಿ ೧೭, ಮಂಗಳವಾರ. ಆಧಾರ: ನನ್ನ ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕಗಳಲ್ಲಿ ಐದನೆಯದು, ಪುಟ ೪೩. ವಾರವನ್ನು ಆ ವರ್ಷದ ಪಂಚಾಂಗದೊಂದಿಗೆ ತಾಳೆ ನೋಡಿದ್ದೇನೆ, ಸರಿಯಿದೆ. ಪುಟದಲ್ಲಿ ಪೆನ್ಸಿಲಿನಿಂದ ಬರೆದ ಕೆಲವೇ ಸಾಲುಗಳಿವೆ:

‘ಗುತ್ತಿಗಾರಿನ ಪೂರ್ವಕ್ಕೆ ಎರಡು ಹಳ್ಳಗಳ ಕೂಡಿನಿಂದ ಕೆಳಗೆ, ಹೊಳೆಯ ತಳದಲ್ಲಿ ಕರಿಕಲ್ಲಿನ ಡೈಕ್. ಅಂಚು ನುಣುಪು, ನಡು ಒರಟು. ನಟ್ಟನಡುವೆ ಮತ್ತೊಮ್ಮೆ ನುಣುಪಾದ ಅಂಚು. ಒಂದರೊಳಗೆ ಇನ್ನೊಂದು. ಮಾದರಿ ಸಂಖ್ಯೆ ೧೧೨, ದಿಕ್ಕು ಗುರುತಿಸಲಾಗಿದೆ.’

ಅಕ್ಷರ ನನ್ನದೇ. ಮಾದರಿ ೧೧೨ ಈಚಿನವರೆಗೂ ನನ್ನ ಬಳಿ ಇತ್ತು. ಪುತ್ತೂರಿನಲ್ಲಿ ಹಿಟ್ಟಿನ ಗಿರಣಿಯೊಂದರ ಮಹಡಿಯ ಮೇಲೆ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದಿದ್ದೇನೆ. ಆ ಕಲ್ಲು ಅಲ್ಲಿನ ಮೇಜಿನ ಮೇಲೆ, ಫ್ಯಾನಿನ ಗಾಳಿಗೆ ಕಾಗದ ಹಾರದ ಹಾಗೆ ಕುಳಿತಿತ್ತು. ಮದುವೆಯಾಗದೆ, ಒಂದು ಊರಿನಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ನಿಲ್ಲದೆ ಕೆಲಸ ಮುಗಿಸಿದವನ ಜೊತೆ ಕೊನೆಯವರೆಗೂ ಬಂದದ್ದು ಅದೊಂದೇ. ಬೆಳಿಗ್ಗೆ ಗಿರಣಿ ಶುರುವಾದರೆ ಮೇಜು ಸಣ್ಣಗೆ ನಡುಗುತ್ತದೆ. ಕಲ್ಲು ಮಾತ್ರ ಅಲುಗುತ್ತಿರಲಿಲ್ಲ. ಕೆಲವು ದಿನ ನಾನು ಆಡುವ ಮೊದಲ ಮಾತು ಮಧ್ಯಾಹ್ನ ಹೋಟೆಲಿನಲ್ಲಿ ಊಟದ ಚೀಟಿ ಕೇಳುವಾಗಿನದು.

೨೦೨೪ನೆಯ ಜನವರಿ ೨೧ರ ಭಾನುವಾರ ಫೋನು ಬಂತು. ಹೆಂಗಸಿನ ದನಿ. ಕಡಬದಲ್ಲಿ ಶಾಲಾ ಶಿಕ್ಷಕಿಯಂತೆ. ತನ್ನ ತಂದೆಯ ಊರು, ಮನೆತನ ಹೇಳಿದರು. ತಕ್ಷಣ ಗುರುತು ಹತ್ತಿತು. ೧೯೮೫ರಿಂದ ೮೭ರವರೆಗೆ, ಮೂರು ಬೇಸಗೆ, ಗುತ್ತಿಗಾರಿನ ನಮ್ಮ ಭೂವಿಜ್ಞಾನ ಇಲಾಖೆಯ ಶಿಬಿರದಲ್ಲಿ ನನಗೆ ದಾರಿ ತೋರಿಸುತ್ತ, ಸುತ್ತಿಗೆ ಮತ್ತು ಕಲ್ಲಿನ ಚೀಲ ಹೊರುತ್ತ ಜೊತೆಗಿದ್ದ ಗೌಡರ ಮಗಳು. ಅರೆಭಾಷೆ ಮಾತಾಡುವ ರೈತ ಮನೆಯವರು. ಗೌಡರು ನನಗಿಂತ ಎಂಟೊಂಬತ್ತು ವರ್ಷ ದೊಡ್ಡವರು. ಮನೆಯ ಗದ್ದೆ ಕೆಲಸ ತಮ್ಮನಿಗೆ ಬಿಟ್ಟು, ಕಲ್ಲಿನ ಹುಚ್ಚು ಹಿಡಿಸಿಕೊಂಡು ನನ್ನ ಹಿಂದೆ ಬಂದಿದ್ದರು.

“ಅಪ್ಪನಿಗೆ ಈಗ ಕಣ್ಣು ಕಾಣುದಿಲ್ಲ ಸರ್,” ಎಂದರು ಮಗಳು. “ನನ್ನ ಮನೆಯಲ್ಲೇ ಇದ್ದಾರೆ. ಒಂದೇ ಮಾತು. ಗುತ್ತಿಗಾರಿನ ಹೊಳೆಯಲ್ಲಿ ಕಲ್ಲಿನ ಒಳಗೆ ಕಲ್ಲು ಉಂಟು, ಅದನ್ನು ಮೊದಲು ನೋಡಿದ್ದು ನಾನು ಅಂತ. ನಾನು ಸಣ್ಣವಳಿರುವಾಗಿಂದ ಕೇಳ್ತಾ ಇದ್ದೇನೆ. ಇಲ್ಲಿ ಎಲ್ಲರೂ ತಮಾಷೆ ಮಾಡ್ತಾರೆ. ಬಸುರಿ ಕಲ್ಲಿನ ಗೌಡ್ರು ಅಂತಲೇ ಹೆಸರು ಬಿದ್ದಿದೆ. ಮೊದಲು ಅವರೂ ನಗಾಡ್ತಿದ್ರು. ಈಗ ಅಳ್ತಾರೆ. ಡಾಕ್ಟ್ರು ಹೆಚ್ಚು ದಿನ ಹೇಳಲಿಲ್ಲ ಸರ್. ನಿಜ ಎಂತ ಅಂತ ನೀವೊಬ್ಬರೇ ಹೇಳಬಹುದು. ಹೌದಾದರೆ ಹೌದು ಅನ್ನಿ, ಅಲ್ಲವಾದರೆ ಅಲ್ಲ ಅನ್ನಿ. ನಾನು ಅವರಿಗೆ ಹೇಗಾದರೂ ಹೇಳ್ತೇನೆ.”

ನಾನು ಯೋಚಿಸಲಿಲ್ಲ. ನೆನಪು ಅಷ್ಟು ಸ್ಪಷ್ಟವಾಗಿತ್ತು. ಬೆಳಗಿನ ಹೊತ್ತು, ಮೊಣಕಾಲಿನವರೆಗೆ ನೀರು, ಹೊಳೆಯ ತಳದಲ್ಲಿ ಕಟ್ಟೆಯಂತೆ ಹಾದುಹೋದ ಕಪ್ಪು ಕಲ್ಲು. ಬಾಗಿ ನೋಡಿದಾಗ ನಡುವೆ ಕಂಡ ಆ ಸಣ್ಣ ಗೆರೆ. ಗೌಡರು ಅಂದು ಬಂದಿರಲಿಲ್ಲ. ಅವರ ಮನೆಯಲ್ಲಿ ದೈವಕ್ಕೆ ತಂಬಿಲದ ಸೇವೆ ಇತ್ತು. ಕಂಡದ್ದನ್ನು ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲವೆಂಬುದು ಆ ನೆನಪಿನ ಮುಖ್ಯ ಭಾಗವಾಗಿತ್ತು. ತರಬೇತಿಗೆ ಬರುತ್ತಿದ್ದ ವಿದ್ಯಾರ್ಥಿಗಳಿಗೆ ಈ ಪ್ರಸಂಗವನ್ನು ಎಷ್ಟೋ ಸಲ ಹೇಳಿದ್ದೇನೆ.

“ನನ್ನ ನೆನಪಿನ ಪ್ರಕಾರ ಅವರು ಅಂದು ಬಂದಿರಲಿಲ್ಲ,” ಎಂದೆ.

“ಆಯ್ತು ಸರ್,” ಎಂದು ಫೋನು ಇಟ್ಟರು.

ಅದೇ ಸಂಜೆ ಮತ್ತೆ ಕರೆ ಬಂತು. ಈ ಸಲ ದನಿಯಲ್ಲಿ ಬಿಗಿ ಇತ್ತು. “ಅಪ್ಪ ಒಂದು ಕೇಳಲಿಕ್ಕೆ ಹೇಳಿದ್ದಾರೆ. ಆ ಕಲ್ಲಿನ ಮೇಲೆ ಬಿಳಿ ಬಾಣ ಉಂಟಲ್ಲ, ಅದು ಅವರೇ ಬರೆದದ್ದಂತೆ, ಉತ್ತರಕ್ಕೆ ಅಲ್ಲವಂತೆ. ನೀರು ಹೋಗುವ ಕಡೆಗಂತೆ. ಅವರ ಹತ್ರ ದಿಕ್ಸೂಚಿ ಇರಲಿಲ್ಲವಂತೆ. ಕಲ್ಲು ತಕೊಂಡು ಹೋಗಿ ಇಟ್ಟು ನೋಡಲಿ ಅಂದ್ರು.”

ಇದನ್ನು ಓದುವವರೆಲ್ಲರೂ ಕಲ್ಲಿನ ಕೆಲಸದವರಲ್ಲವಾದ್ದರಿಂದ ಕೆಲವು ಸಂಗತಿಗಳನ್ನು ಇಲ್ಲಿ ಹೇಳಬೇಕು.

ನೆಲದಡಿ ಬಹಳ ಆಳದಲ್ಲಿ ಕಲ್ಲು ಕರಗಿ ಶಿಲಾರಸವಾಗುತ್ತದೆ. ಅದು ಹಗುರ, ಮೇಲಕ್ಕೆ ದಾರಿ ಹುಡುಕುತ್ತದೆ. ಮೇಲಿನ ಹಳೆಯ ಬಂಡೆ ಎಲ್ಲಾದರೂ ಸೀಳು ಬಿಟ್ಟರೆ ಆ ಸೀಳಿಗೆ ನುಗ್ಗಿ ತುಂಬಿಕೊಂಡು ಅಲ್ಲಿಯೇ ಆರಿ ಗಟ್ಟಿಯಾಗುತ್ತದೆ. ಹಾಗೆ ನಿಂತ ಕಲ್ಲಿನ ಗೋಡೆಗೆ ಡೈಕ್ ಎನ್ನುತ್ತೇವೆ. ಬೆಂಕಿಯಿಂದ ಹುಟ್ಟಿದ ಇಂಥ ಕಲ್ಲುಗಳೆಲ್ಲ ಅಗ್ನಿಶಿಲೆಗಳು. ಸುಳ್ಯ, ಕಡಬದ ಕಡೆ ನೆಲದ ಮೇಲೆ ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ, ದಪ್ಪ ಹೊದಿಕೆ ಇರುವುದರಿಂದ ಇವು ಕಾಣುವುದು ಹೊಳೆಗಳು ಕೊರೆದು ತೊಳೆದಿಟ್ಟ ಕಡೆ ಮಾತ್ರ.

ಬಿಸಿ ರಸ ತಣ್ಣನೆಯ ಬಂಡೆಯನ್ನು ಮುಟ್ಟಿದ ಅಂಚಿನಲ್ಲಿ ಥಟ್ಟನೆ ಆರುತ್ತದೆ. ಅಲ್ಲಿ ಹರಳುಗಳಿಗೆ ಬೆಳೆಯಲು ಸಮಯವೇ ಸಿಗುವುದಿಲ್ಲ. ಆದ್ದರಿಂದ ಅಂಚಿನ ಕಲ್ಲು ನುಣುಪು. ನಡುಭಾಗ ಸುತ್ತಲಿನ ಬಿಸಿಯೊಳಗೇ ಉಳಿದು ನಿಧಾನವಾಗಿ ಆರುತ್ತದೆ, ಹರಳುಗಳು ದೊಡ್ಡವಾಗುತ್ತವೆ, ಕಲ್ಲು ಒರಟಾಗುತ್ತದೆ. ಇದನ್ನು ಹೇಳಿದ ಮೊದಲ ದಿನ ಗೌಡರು ತಲೆಯಾಡಿಸಿ, “ತಣ್ಣಗಿನ ತಟ್ಟೆಗೆ ಬೆಲ್ಲದ ಪಾಕ ಹೊಯ್ದ ಹಾಗೆ. ಬದಿ ಮೊದಲು ಬಿಗಿಯುದು,” ಎಂದಿದ್ದರು. ಆಮೇಲೆ ನಾನು ಬೇರೆ ಹೋಲಿಕೆ ಹುಡುಕಲಿಲ್ಲ.

ನಾನು ಕಲ್ಲಿನ ಒಡಕನ್ನು ನಾಲಿಗೆಯಿಂದ ಒದ್ದೆ ಮಾಡಿ, ಮಸೂರ ಹಿಡಿದು ನೋಡುತ್ತಿದ್ದೆ. ಒದ್ದೆಯಾದರೆ ಹರಳುಗಳು ಎದ್ದು ಕಾಣುತ್ತವೆ. ನಮ್ಮ ಕಸುಬಿನವರೆಲ್ಲ ಹಾಗೆಯೇ ಮಾಡುತ್ತಾರೆ. ಗೌಡರು ಪ್ರತಿ ಸಲವೂ ಗಂಭೀರವಾಗಿ ಕೇಳುತ್ತಿದ್ದರು:

“ಎಂತ ಸರ್, ಉಪ್ಪು ಸಮ ಉಂಟಾ?”

ಅವರು ನಾಲಿಗೆ ಮುಟ್ಟಿಸಿದವರಲ್ಲ. ಹೆಬ್ಬೆರಳಿನಿಂದ ಉಜ್ಜಿ ನೋಡುತ್ತಿದ್ದರು. ಕಣ್ಣು ಮುಚ್ಚಿಕೊಂಡು ಉಜ್ಜಿ, ಇದು ಬದಿಯದ್ದು, ಇದು ನಡುವಿನದ್ದು ಎಂದು ಹೇಳುತ್ತಿದ್ದರು. ನಾನು ಮಸೂರದಲ್ಲಿ ಪರೀಕ್ಷಿಸಿದ ಯಾವ ಸಲವೂ ಅವರು ತಪ್ಪಿದ್ದಿಲ್ಲ.

ಇನ್ನೊಂದು ಕ್ರಮವಿದೆ. ಬಂಡೆಯಿಂದ ತುಂಡು ಒಡೆಯುವ ಮೊದಲೇ ಅದರ ಮೇಲ್ಮೈಗೆ ಬಿಳಿ ಬಣ್ಣದಲ್ಲಿ ಉತ್ತರ ದಿಕ್ಕಿಗೆ ಬಾಣ ಬರೆಯಬೇಕು. ಒಡೆದು ಚೀಲಕ್ಕೆ ಹಾಕಿದ ಮೇಲೆ ಆ ತುಂಡು ಎತ್ತ ಮುಖ ಮಾಡಿತ್ತೆಂದು ಯಾರಿಗೂ ಹೇಳಲು ಬಾರದು. ಬಾಣವಿದ್ದರೆ ಎಷ್ಟು ವರ್ಷದ ಮೇಲಾದರೂ ಕೋಣೆಯಲ್ಲಿ ಕುಳಿತು, ಅದನ್ನು ಉತ್ತರಕ್ಕೆ ತಿರುಗಿಸಿ, ಕಲ್ಲಿನೊಳಗಿನ ಗೆರೆಗಳ ದಿಕ್ಕನ್ನು ಅಳೆಯಬಹುದು. ಮಾದರಿ ೧೧೨ರ ನಡುವಿನ ನುಣುಪು ಅಂಚಿನ ಗೆರೆಯನ್ನು ನಾನು ಹಾಗೆಯೇ ಅಳೆದು, ಡೈಕ್ ಪೂರ್ವದಿಂದ ಪಶ್ಚಿಮಕ್ಕೆ ಹಾದಿದೆಯೆಂದು ನಕ್ಷೆಯಲ್ಲಿ ಎಳೆದಿದ್ದೆ. ಆ ನಕ್ಷೆ ಅಚ್ಚಾಯಿತು. ಒಂದೇ ಸೀಳು ಎರಡು ಬಾರಿ ಬಾಯಿ ತೆರೆದು, ಮೊದಲ ಶಿಲಾರಸ ಪೂರ್ತಿ ಆರಿದ ಮೇಲೆ ಅದರ ನಡುವೆ ಎರಡನೆಯದು ನುಗ್ಗಿದ್ದಕ್ಕೆ ಈ ಪ್ರದೇಶದಲ್ಲಿ ನಾನು ಕಂಡ ಏಕೈಕ ಸಾಕ್ಷ್ಯ ಅದು. ದೊಡ್ಡ ಹೆಸರೇನೂ ತರಲಿಲ್ಲ. ಆದರೆ ನನ್ನದೆಂದು ಹೇಳಿಕೊಳ್ಳಲು ನನಗೆ ಇದ್ದದ್ದು ಅದೊಂದು.

ಎರಡನೆಯ ಕರೆಯ ನಂತರ ಕಲ್ಲನ್ನು ಎತ್ತಿ ದೀಪದ ಕೆಳಗೆ ಹಿಡಿದೆ. ಬಾಣ ಮಾಸಿದೆ, ಆದರೂ ಇದೆ. ನಾನು ಬರೆಯುತ್ತಿದ್ದ ಬಾಣಗಳ ಬುಡದಲ್ಲಿ ದಿಕ್ಕಿನ ಅಕ್ಷರವನ್ನೂ ಬರೆಯುವ ರೂಢಿ ನನ್ನದು. ಇದರಲ್ಲಿ ಅಕ್ಷರವಿಲ್ಲ. ಮೂವತ್ತೇಳು ವರ್ಷ ದಿನವೂ ಕಣ್ಣೆದುರಿಗಿದ್ದ ಕಲ್ಲಿನಲ್ಲಿ ಇದನ್ನು ನಾನು ಗಮನಿಸಿರಲಿಲ್ಲ. ಆದರೆ ಅಕ್ಷರ ಅಳಿಸಿಹೋಗಿರಬಹುದು. ಅದನ್ನೊಂದು ಪ್ರಮಾಣವೆಂದು ಒಪ್ಪುವಂತಿರಲಿಲ್ಲ. ಗೌಡರು ಹೇಳಿದ ಪರೀಕ್ಷೆಯೇ ಸರಿಯಾದದ್ದು.

ಹಾಗಿದ್ದೂ ನಾನು ಮರುದಿನ ಹೊರಡಲಿಲ್ಲ. ಹೊರಟದ್ದು ಫೆಬ್ರವರಿ ೯ರ ಶುಕ್ರವಾರ. ನಡುವಿನ ದಿನಗಳಲ್ಲಿ ಹಳೆಯ ಕಡತಗಳನ್ನು ಜೋಡಿಸಿಕೊಂಡು ಕುಳಿತಿದ್ದೆ; ದಾಖಲೆ ಸಿದ್ಧಪಡಿಸುತ್ತಿದ್ದೇನೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಕಡತವೊಂದರಲ್ಲಿ ಅರಿಶಿನದ ಅಂಚಿನ ಮದುವೆ ಕಾಗದ ಸಿಕ್ಕಿತು. ಅದೇ ಮಗಳ ಮದುವೆಯದು. ಮೂಲೆಯಲ್ಲಿ ನನ್ನ ಅಕ್ಷರ: ‘ನೋಡಿದೆ’, ಕೆಳಗೆ ತಾರೀಖು. ಕಚೇರಿಯ ಟಪಾಲಿಗೆ ಹಾಕುವಂಥ ಷರಾ. ಉತ್ತರ ಬರೆದ ನೆನಪಿಲ್ಲ. ಬರೆದಿದ್ದರೆ ಅದರ ನಕಲು ಕಡತದಲ್ಲಿರುತ್ತಿತ್ತು.

ಪುತ್ತೂರಿನಿಂದ ಬೆಳ್ಳಾರೆಯ ಮೂಲಕ ಗುತ್ತಿಗಾರಿಗೆ ಬಸ್ಸು. ಕಲ್ಲನ್ನು ಟವೆಲಿನಲ್ಲಿ ಸುತ್ತಿ ಚೀಲದಲ್ಲಿಟ್ಟು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಪೇಟೆಯಲ್ಲಿ ಜೀಪು ಹಿಡಿದೆ. ಚಾಲಕ ನಡುವಯಸ್ಸಿನವರು, ಚೀಲದ ಭಾರ ಕಂಡು ವಿಚಾರಿಸಿದರು. ಹೇಳಿದೆ.

“ಕಲ್ಲಾ?” ಎಂದು ಗೇರು ಬದಲಿಸುವುದನ್ನೇ ಮರೆತರು. “ಎಲ್ಲರೂ ಹೊಳೆಯಿಂದ ಕಲ್ಲು ತರುದು. ನೀವು ಹೊಳೆಗೆ ಕಲ್ಲು ಕೊಂಡುಹೋಗುದಾ ಮಾರಾಯ್ರೆ?”

“ಇದ್ದ ಜಾಗ ಸರಿಯೇ ಅಂತ ನೋಡಿ ವಾಪಸ್ಸು ತರುತ್ತೇನೆ.”

“ಅದು ಇನ್ನೂ ಚಂದ ಆಯ್ತು,” ಎಂದರು. ಇಳಿಸುವಾಗ ಮಾತ್ರ ನಗಲಿಲ್ಲ. “ಮೂರು ಗಂಟೆಯ ಒಳಗೆ ಮೇಲೆ ಬನ್ನಿ ಸರ್. ನಿನ್ನೆ ಆಚೆ ತೋಟಕ್ಕೆ ಆನೆ ಇಳಿದಿದೆ. ನಾನು ಇಲ್ಲೇ ಬರ್ತೇನೆ. ಬರದಿದ್ರೆ ಕೂಗಿ ಕರೀಲಿಕ್ಕೆ ನಿಮ್ಮ ಹೆಸರಾದ್ರೂ ಹೇಳಿ ಹೋಗಿ.”

ಹೆಸರು ಹೇಳಿದೆ. ಬಹಳ ದಿನಗಳ ನಂತರ ನನ್ನ ಹೆಸರನ್ನು ನಾನೇ ಬಾಯಿಬಿಟ್ಟು ಹೇಳಿದ್ದು ಆಗ.

ಟಿಪ್ಪಣಿ ಪುಸ್ತಕದ ಗುರುತುಗಳನ್ನು ಹಿಡಿದು ನಡೆದೆ. ಪುಟ ೪೩ ಹೇಳುವ ಎರಡು ಹಳ್ಳಗಳ ಕೂಡು ಸಿಕ್ಕಿತು. ಅಲ್ಲಿಂದ ಕೆಳಗೆ ಕಣ್ಣಳತೆಯ ದೂರದಲ್ಲಿ ಡೈಕ್.

ಜಾಗವನ್ನು ನೋಡಿದೊಡನೆ ನನಗೆ ತಿಳಿಯಿತು: ಇಲ್ಲಿಗೆ ನಾನು ಹಿಂದೆಂದೂ ಬಂದವನಲ್ಲ.

ಈ ವಾಕ್ಯವನ್ನು ಬರೆಯುವ ಮುನ್ನ ಎರಡು ದಿನ ತಡೆದಿದ್ದೇನೆ. ನನ್ನ ನೆನಪಿನ ಹೊಳೆಗೆ ಎಡದಂಡೆಯಲ್ಲಿ ತಗ್ಗಾದ ಮರಳಿತ್ತು. ಇಲ್ಲಿ ಎರಡೂ ಕಡೆ ಎತ್ತರದ ಬಂಡೆ. ಮೂವತ್ತೇಳು ಮಳೆಗಾಲಗಳಲ್ಲಿ ಮರಳು ಹೋಗಬಹುದು. ಬಂಡೆ ಹೊಸದಾಗಿ ಬರಲಾರದು. ಸಣ್ಣಗೆ ಹರಿಯುವ ನೀರಿನ ಮೇಲೆ ಹಸಿರು ಬಿಸಿಲು. ಎಲ್ಲೋ ಮೇಲೆ ರಬ್ಬರ್ ತೋಟದಲ್ಲಿ ಯಾರೋ ಯಾರನ್ನೋ ಕರೆಯುತ್ತಿದ್ದರು, ಉತ್ತರ ಕೇಳಿಸಲಿಲ್ಲ.

ಕರಿಕಲ್ಲಿನಲ್ಲಿ ಕಬ್ಬಿಣದ ಅಂಶವಿರುವುದರಿಂದ ಅದರ ಮೇಲೆ ದಿಕ್ಸೂಚಿ ಇಟ್ಟರೆ ಮುಳ್ಳು ದಾರಿ ತಪ್ಪುತ್ತದೆ. ದೂರ ಸರಿದು ನಿಂತು ಅಳೆದೆ. ನೀರು ಹರಿಯುವುದು ಪಶ್ಚಿಮಕ್ಕೆ. ಡೈಕ್ ಹಾದಿರುವುದು ಉತ್ತರದಿಂದ ದಕ್ಷಿಣಕ್ಕೆ, ಹೊಳೆಗೆ ಸರಿಯಾಗಿ ಅಡ್ಡಲಾಗಿ. ನನ್ನ ಅಚ್ಚಾದ ನಕ್ಷೆಯಲ್ಲಿ ಅದು ಹೊಳೆಯ ಉದ್ದಕ್ಕೆ, ಪೂರ್ವದಿಂದ ಪಶ್ಚಿಮಕ್ಕಿದೆ.

ಟವೆಲು ಬಿಚ್ಚಿ ಕಲ್ಲನ್ನು ಡೈಕಿನ ಮೇಲಿಟ್ಟೆ. ಬಾಣ ಉತ್ತರಕ್ಕಿದ್ದಾಗ ತುಂಡಿನೊಳಗಿನ ಗೆರೆ ಬಂಡೆಯ ಗೆರೆಗೆ ಅಡ್ಡಬಿತ್ತು. ಬಾಣವನ್ನು ನೀರು ಹೋಗುವ ಕಡೆಗೆ ತಿರುಗಿಸಿದೆ. ಎರಡೂ ಗೆರೆಗಳು ಒಂದೇ ಸಾಲಿಗೆ ಬಂದವು.

ಇಲ್ಲಿ ನಿಂತವನು ಯಾರಾದರೂ, ಬಾಣವೇ ಇಲ್ಲದಿದ್ದರೂ, ಡೈಕ್ ಹೊಳೆಗೆ ಅಡ್ಡಲಾಗಿದೆಯೆಂದು ಕಾಣಬಲ್ಲ. ನಾನು ನಿಂತಿದ್ದರೆ ಆ ತಪ್ಪು ನಕ್ಷೆಯನ್ನು ಎಳೆಯುತ್ತಿರಲಿಲ್ಲ. ನನ್ನ ತಪ್ಪೇ ನಾನಿಲ್ಲಿ ಇರಲಿಲ್ಲವೆಂಬುದಕ್ಕೆ ಪ್ರಮಾಣ. ಪುಟ ೪೩ನ್ನು ಶಿಬಿರದಲ್ಲಿ ಕುಳಿತು, ಗೌಡರು ತಂದ ತುಂಡನ್ನು ನೋಡಿ, ಅವರು ಹೇಳಿದ ಗುರುತು ಕೇಳಿ ಬರೆದಿರಬೇಕು. ಮರುದಿನ, ೧೮ರಂದು, ಶಿಬಿರವನ್ನು ಕಿತ್ತು ಲಾರಿಗೆ ಹೇರಿದೆವೆಂದು ಪುಟ ೪೪ ಹೇಳುತ್ತದೆ. ನಾಲ್ಕು ತಿಂಗಳಲ್ಲಿ ನನಗೆ ಉತ್ತರ ಕರ್ನಾಟಕಕ್ಕೆ ವರ್ಗವಾಯಿತು. ತಿದ್ದಿಕೊಳ್ಳಲು ಬಂದದ್ದೇ ಇಲ್ಲ.

ಸ್ವಲ್ಪ ಹೊತ್ತು ಕಲ್ಲಿನ ಮೇಲೆ ಕುಳಿತೆ. ಡೈಕ್ ಆರುವಾಗ ಕುಗ್ಗಿ ಬಿರುಕು ಬಿಟ್ಟು, ಆರು ಮೂಲೆಯ ಕಂಬಗಳಾಗಿ ಒಡೆದಿತ್ತು. ಕಂಬಗಳೆಲ್ಲ ಸೌದೆ ಒಟ್ಟಿದ ಹಾಗೆ ಅಡ್ಡ ಮಲಗಿದ್ದವು. ಗೌಡರು ಒಮ್ಮೆ ಮಲ್ಪೆಯ ಎದುರಿನ ದ್ವೀಪಕ್ಕೆ ಹೋಗಿ ಬಂದು ಕೇಳಿದ್ದರು, ಅಲ್ಲಿ ಕಂಬಗಳು ನಿಂತಿವೆ, ನಮ್ಮ ಕಡೆ ಯಾಕೆ ಮಲಗಿವೆ ಎಂದು. ತಣ್ಣನೆಯ ಮುಖ ಯಾವ ಕಡೆಗಿದೆಯೋ ಆ ಮುಖಕ್ಕೆ ನೇರವಾಗಿ ಕಂಬ ಬೆಳೆಯುತ್ತದೆ. ಅಲ್ಲಿ ಲಾವಾ ನೆಲದ ಮೇಲೆ ಹರಡಿ ಮೇಲಿನಿಂದ ಆರಿತು, ಇಲ್ಲಿ ಎರಡು ಪಕ್ಕಗಳ ಗೋಡೆಗಳಿಂದ ಆರಿತು ಎಂದು ವಿವರಿಸಿದ್ದೆ. “ಹಾಗಾದ್ರೆ ಇದಕ್ಕೆ ಎರಡೂ ಬದಿಯಿಂದ ಚಳಿ,” ಎಂದಿದ್ದರು. ಅವರ ಮಾತಿಗೆ ಅಂದು ನಕ್ಕಿದ್ದೆ. ಈಗ ನಗು ಬರಲಿಲ್ಲ. ಜೀಪಿನ ಹಾರ್ನು ಕೇಳಿಸಿತು. ಎದ್ದು ಹತ್ತಿದೆ.

ಮರಳಿ ಬಂದು ಐದನೆಯ ಪುಸ್ತಕವನ್ನು ಮೊದಲಿನಿಂದ ಓದಿದೆ. ಪುಟ ೩೧, ಫೆಬ್ರವರಿ ೩, ಅದೂ ಮಂಗಳವಾರ: ‘ಸಹಾಯಕರಿಲ್ಲ, ಮನೆಯಲ್ಲಿ ತಂಬಿಲ. ಒಬ್ಬನೇ ಪೆರಾಬೆಯ ಹಳ್ಳದಲ್ಲಿ. ಮೊಣಕಾಲು ನೀರು. ಎಡದಂಡೆಯಲ್ಲಿ ಮರಳು. ಒಂದು ಡೈಕ್, ಸಾಮಾನ್ಯ.’ ನನ್ನ ಸ್ಪಷ್ಟವಾದ ನೆನಪಿನ ಮೂಲ ಇದು. ಎರಡು ಮಂಗಳವಾರಗಳನ್ನು ಬೆಸೆದು, ಪೆರಾಬೆಯ ನೀರಿನಲ್ಲಿ ಗುತ್ತಿಗಾರಿನ ಕಲ್ಲನ್ನಿಟ್ಟು, ಅದನ್ನು ವರ್ಷಗಟ್ಟಲೆ ಸತ್ಯವೆಂದು ಹೇಳಿದ್ದೆ. ಸುಳ್ಳು ಹೇಳುವ ಉದ್ದೇಶ ನನಗಿರಲಿಲ್ಲ. ಉದ್ದೇಶವಿಲ್ಲದೆಯೇ ಒಬ್ಬ ಮನುಷ್ಯನನ್ನು ಅವನು ನಿಂತ ಜಾಗದಿಂದ ತೆಗೆದುಹಾಕಿದ್ದೆ.

ಫೆಬ್ರವರಿ ೧೧, ಭಾನುವಾರ, ಕಡಬ. ಶಿಬಿರದ ದಿನಗಳಲ್ಲಿ ಇದು ಪುತ್ತೂರು ತಾಲ್ಲೂಕಿಗೆ ಸೇರಿತ್ತು. ನನ್ನ ಹಳೆಯ ಪುಸ್ತಕಗಳಲ್ಲಿ ಹಾಗೆಯೇ ನಮೂದಾಗಿದೆ. ಈಗ ಅದೇ ತಾಲ್ಲೂಕು ಕೇಂದ್ರ. ಪೇಟೆ ದಾಟಿ ಮಗಳ ಮನೆ. ಜಗಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಗೌಡರು ಕುಳಿತಿದ್ದರು. ಅಗಲ ಭುಜದ ಆ ಆಳು ಕುರ್ಚಿಯ ಒಂದು ಮೂಲೆಗೆ ಇಳಿದುಹೋಗಿದ್ದರು. ಪಕ್ಕದಲ್ಲಿ ನೆರೆಯವರೊಬ್ಬರು, ಅವರ ತಂದೆಯ ಕಾಲಕ್ಕೆ ಕೇರಳದಿಂದ ಬಂದು ರಬ್ಬರ್ ಹಾಕಿದ ಕ್ರೈಸ್ತ ಮನೆಯವರು. ಭಾನುವಾರದ ಪ್ರಾರ್ಥನೆ ಮುಗಿಸಿ ಬಿಳಿ ಅಂಗಿಯಲ್ಲೇ ಹರಟೆಗೆ ಬಂದಿದ್ದರು.

ಮಗಳು ಬಾಗಿಲಲ್ಲಿ ನಿಂತು ನನ್ನನ್ನು ನೋಡಿದರು. ಸ್ವಾಗತವೂ ಇರಲಿಲ್ಲ, ಅನಾದರವೂ ಇರಲಿಲ್ಲ. “ನನ್ನ ಮದುವೆಗೆ ನೀವು ಬರ್ತೀರಿ ಅಂತ ಅಪ್ಪ ಎರಡನೇ ಪಂಕ್ತಿಯವರೆಗೆ ಊಟಕ್ಕೆ ಕೂತಿರಲಿಲ್ಲ ಸರ್,” ಎಂದರು. ಆಮೇಲೆ, “ಚಾ ಮಾಡ್ತೇನೆ,” ಎಂದು ಒಳಗೆ ಹೋದರು.

ನೆರೆಯವರು ಗೌಡರ ತೊಡೆ ತಟ್ಟಿದರು. “ಎಂತ ಗೌಡ್ರೇ, ನಿಮ್ಮ ಬಸುರಿ ಕಲ್ಲಿಗೆ ಡಾಕ್ಟ್ರು ಬಂದ್ರಾ? ಹೆರಿಗೆ ಯಾವಾಗ ಅಂತ ಕೇಳಿ.”

ಗೌಡರು ಅವರ ಕಡೆ ತಿರುಗಲಿಲ್ಲ. ನನ್ನ ಹೆಜ್ಜೆಯ ಸದ್ದಿನ ಕಡೆಗೆ ಮುಖ ಎತ್ತಿದರು. “ಸರ್?”

ನಾನು ಕಲ್ಲನ್ನು ಅವರ ಮಡಿಲಲ್ಲಿಟ್ಟೆ. ಅವರು ಎರಡೂ ಕೈಗಳಲ್ಲಿ ಹಿಡಿದು ತೂಕ ನೋಡಿದರು. ಹೆಬ್ಬೆರಳು ಕಲ್ಲಿನ ಮೇಲೆ ಒಂದು ಬದಿಯಿಂದ ಹೊರಟಿತು, ಒರಟಿನ ಮೇಲೆ ನಿಧಾನವಾಗಿ ಸಾಗಿ ಗೆರೆಯ ಹತ್ತಿರ ನಿಂತಿತು, ಗೆರೆ ದಾಟಿ ನುಣುಪಿನ ಮೇಲೆ ಹೋಯಿತು, ಹಿಂದಕ್ಕೆ ಬಂತು. ಕಲ್ಲಿನ ಮೇಲೆ ಅವರ ಉಗುರು ಗೀರುವ ಸಣ್ಣ ಸದ್ದು ಕೇಳುತ್ತಿತ್ತು.

“ಬಾಣ ಉಟ್ಟಾ?” ಎಂದು ಮಗಳನ್ನು ಅರೆಭಾಷೆಯಲ್ಲಿ ಕೇಳಿದರು, ಉಂಟಾ ಎಂಬ ಅರ್ಥದಲ್ಲಿ.

“ಉಟ್ಟಪ್ಪ,” ಎಂದು ಒಳಗಿಂದ ಬಂದ ಮಗಳು ಬಾಗಿಲಿನಿಂದಲೇ ಹೇಳಿದರು.

ನಾನು ದನಿ ಸರಿಮಾಡಿಕೊಂಡೆ. “ಗೌಡ್ರೇ, ಹೊಳೆಗೆ ಹೋಗಿದ್ದೆ. ಬಾಣ ನೀರು ಹೋಗುವ ಕಡೆಗೇ ಇದೆ. ಇದನ್ನು ಮೊದಲು ಕಂಡವರು ನೀವು. ಒಡೆದವರೂ ನೀವೇ. ಅಂದು ಅಲ್ಲಿಗೆ ಬಾರದವನು ನಾನು. ನಾನು ಹೇಳಿದ್ದು ತಪ್ಪು. ನಕ್ಷೆಯೂ ತಪ್ಪು. ಎರಡನ್ನೂ ತಿದ್ದಬೇಕೆಂದು ಹಳೆಯ ಕಚೇರಿಗೆ ಬರೆಯುತ್ತೇನೆ. ನಿಮ್ಮ ಹೆಸರನ್ನೂ ಬರೆಯುತ್ತೇನೆ.”

ನೆರೆಯವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. “ಅಂದ್ರೆ ಇದು ಹೌದಾ ಸರ್? ಕಲ್ಲಿನ ಒಳಗೆ ಕಲ್ಲು?”

“ಹೌದು.”

“ಹಾಗಾದ್ರೆ ನಾವು ಇಷ್ಟು ವರ್ಷ ನಗಾಡಿದ್ದು?”

“ಅದನ್ನೆಲ್ಲ ಈಗ ಕೂತು ವಾಪಸ್ಸು ನುಂಗು ಮಾರಾಯ,” ಎಂದರು ಗೌಡರು. ಮೊದಲು ನಕ್ಕವರು ನೆರೆಯವರೇ. ಗೌಡರೂ ನಕ್ಕರು, ನಗು ಕೆಮ್ಮಾಯಿತು, ಮಗಳು ಬಂದು ಬೆನ್ನು ನೀವಿದರು. ಕೆಮ್ಮು ನಿಂತ ಮೇಲೂ ಅವರ ಕೈ ತಂದೆಯ ಬೆನ್ನಿನ ಮೇಲೆಯೇ ಇತ್ತು. ಆಮೇಲೆ ನನಗೊಂದು ಕುರ್ಚಿ ತಂದು ಹಾಕಿದರು.

ಚಾ ಕುಡಿಯುವಾಗ ಗೌಡರು ಹೇಳಿದರು: “ನೀವು ಬರಲಿಲ್ಲ ಅಂತ ನಾನು ಯಾವಾಗ ಹೇಳಿದ್ದು ಸರ್? ನೀವೂ ಇದ್ರಲ್ಲ. ಆಚೆ ಬಂಡೆಯ ಮೇಲೆ ಕೂತು ಅವಲಕ್ಕಿ ತಿಂತಾ ಇದ್ರಿ. ಹನ್ನೊಂದು ಗಂಟೆ ಹೊತ್ತು. ನಾನು ಕರೆದೆ. ನೀವು ಅವಲಕ್ಕಿ ಬಾಯಲ್ಲೇ ಬಂದು ನಾಲಿಗೆ ಮುಟ್ಟಿಸಿದ್ರಿ. ಉಪ್ಪು ಉಂಟಾ ಕೇಳಿದೆ. ಅವಲಕ್ಕಿಗೆ ಉಂಟು, ಕಲ್ಲಿಗೆ ಇಲ್ಲ ಅಂದ್ರಿ. ಇಬ್ರೂ ನಗಾಡಿ ನಗಾಡಿ ಸಾಕಾಗಿತ್ತು. ನೆನಪಿಲ್ವಾ?”

“ನಾನಿದ್ದರೆ ಬಾಣವನ್ನು ಉತ್ತರಕ್ಕೆ ಹಾಕಿಸುತ್ತಿದ್ದೆನಲ್ಲ ಗೌಡ್ರೇ?”

“ನಗಾಡುವ ಗಡಿಬಿಡಿಯಲ್ಲಿ ನೀವು ನೋಡಲಿಲ್ಲ,” ಎಂದರು, ಅನುಮಾನವೇ ಇಲ್ಲದೆ. “ನಾನು ಮೊದಲು ನೋಡಿದ್ದು ಅಂತ ಹೇಳುದು. ನಾನೊಬ್ಬನೇ ಇದ್ದದ್ದು ಅಂತ ಯಾವತ್ತೂ ಹೇಳಲಿಲ್ಲ. ಒಬ್ಬನೇ ಇದ್ರೆ ನೋಡಿ ಎಂತ ಮಾಡುದು?”

“ಇರಬಹುದು,” ಎಂದೆ.

ಹೊರಡುವಾಗ ಕಲ್ಲನ್ನು ಅವರ ಮಡಿಲಲ್ಲೇ ಬಿಟ್ಟೆ. ಅವರು ಕೊಡಲೂ ಬರಲಿಲ್ಲ. ನಾನು ಕೇಳಲೂ ಇಲ್ಲ.

ಪುತ್ತೂರಿಗೆ ಬಂದು ತಿದ್ದುಪಡಿಯ ಪತ್ರವನ್ನು ಬರೆದು ಅಂಚೆಗೆ ಹಾಕಿದೆ. ಆಮೇಲಿನ ಒಂದು ವಾರ ನಾನು ವಿಚಿತ್ರವಾದ ಸುಖದಲ್ಲಿದ್ದೆ. ಗೌಡರು ಕೊಟ್ಟ ನೆನಪನ್ನು ಹಿಡಿದುಕೊಂಡು ಮಲಗುತ್ತಿದ್ದೆ. ನಾನು ಇಷ್ಟು ವರ್ಷ ಒಬ್ಬನೇ ನಿಂತಿದ್ದೆನೆಂದು ಭಾವಿಸಿದ ಹೊಳೆಯಲ್ಲಿ ಇಬ್ಬರು ಅವಲಕ್ಕಿ ತಿಂದು ನಕ್ಕದ್ದನ್ನು ಕಣ್ಣ ಮುಂದೆ ತಂದುಕೊಳ್ಳುತ್ತಿದ್ದೆ. ಬಂಡೆಗಳು ಎತ್ತರವಾಗಿದ್ದರೂ ಕುಳಿತುಕೊಳ್ಳಲು ಜಾಗವಿತ್ತೆಂದು ಲೆಕ್ಕ ಹಾಕಿದೆ. ಹೊಳೆಯನ್ನು ಗುರುತಿಸದೆ ಹೋದದ್ದು ವಯಸ್ಸಿನ ಮರೆವಿರಬೇಕೆಂದು ವಾದಿಸಿಕೊಂಡೆ. ಬೇರೆ ಯಾರಾದರೂ ಇಂಥ ಪ್ರಮಾಣದ ಮೇಲೆ ಪ್ರಬಂಧ ಬರೆದು ತಂದಿದ್ದರೆ ತಿರುಗಿಸಿ ಕಳಿಸುತ್ತಿದ್ದೆ.

ಫೆಬ್ರವರಿ ೨೦ರಂದು ಐದನೆಯ ಪುಸ್ತಕವನ್ನು ಕಪಾಟಿಗೆ ಸೇರಿಸುವ ಮುನ್ನ ಅದರ ಹಿಂದಿನ ರಟ್ಟಿನ ಜೇಬನ್ನು ನೋಡಿದೆ. ನೋಡದೆ ಇಡಬಹುದಿತ್ತು; ಅಭ್ಯಾಸ ಬಿಡಲಿಲ್ಲ. ನಾಲ್ಕಾಗಿ ಮಡಚಿದ ಚೀಟಿಯೊಂದಿತ್ತು. ಪುತ್ತೂರಿನ ದಂತವೈದ್ಯರೊಬ್ಬರದು, ಈಗ ಆ ಚಿಕಿತ್ಸಾಲಯವಿಲ್ಲ. ಗುತ್ತಿಗಾರಿನಿಂದ ಅಲ್ಲಿಗೆ ಆಗಿನ ರಸ್ತೆಯಲ್ಲಿ ಎರಡು ಗಂಟೆಗೂ ಮಿಕ್ಕಿದ ದಾರಿ. ಮೇಲೆ ನನ್ನ ಹೆಸರು. ಕೆಳ ದವಡೆಯ ಬಲಗಡೆಗೆ ನಾಲಿಗೆ ಹಾಯಿಸಿ ನೋಡಿದೆ. ಅಲ್ಲಿ ಒಂದು ಹಲ್ಲಿನ ಜಾಗ ಖಾಲಿ ಇದೆ.

ಚೀಟಿಯ ವಿಷಯವನ್ನು ಕಡಬಕ್ಕೆ ತಿಳಿಸಿಲ್ಲ. ದಾಖಲೆಗಾಗಿ ಇಲ್ಲಿ ನಕಲು ಮಾಡಿದ್ದೇನೆ:

‘೧೭-೨-೮೭. ಬೆಳಿಗ್ಗೆ ೧೧ ಗಂಟೆ. ಕೆಳ ದವಡೆ, ಬಲಗಡೆ, ಒಂದು ಹಲ್ಲು ಕೀಳಲಾಗಿದೆ. ಇಂದು ಗಟ್ಟಿ ಪದಾರ್ಥ ಏನನ್ನೂ ತಿನ್ನಬಾರದು.’